ಕೊಡಗಿನಲ್ಲಿ ಚರ್ಚ್ ಮದುವೆ: ದಿನಾಂಕ ಗೊತ್ತುಮಾಡುವುದರಿಂದ ದಾಖಲೆಯ ಸಹಿಯವರೆಗೆ

ಕೊಡಗಿನ ಕಥೋಲಿಕ ಮನೆಗಳಲ್ಲಿ ಮದುವೆಯ ಕೆಲಸ ಎಡವುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. ನಿಶ್ಚಿತಾರ್ಥ ಮುಗಿದ ವಾರದಲ್ಲೇ ಕಲ್ಯಾಣ ಮಂಟಪಕ್ಕೆ ಮುಂಗಡ ಹೋಗುತ್ತದೆ. ಅಡುಗೆಯವರು, ಫೋಟೋದವರು, ಆಮಂತ್ರಣ ಪತ್ರಿಕೆ ಎಲ್ಲವೂ ಗೊತ್ತಾದ ಮೇಲೆ ಚರ್ಚಿಗೆ ಹೋಗಿ, "ಫಾದರ್, ಈ ದಿನ ಹನ್ನೊಂದು ಗಂಟೆಗೆ ಬಲಿಪೂಜೆ (ಮಾಸ್) ಬೇಕಿತ್ತು" ಎಂದು ಕೇಳುತ್ತಾರೆ. ಆ ದಿನ ತಪಸ್ಸುಕಾಲದೊಳಗೆ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳೊಳಗೆ, ಬಿದ್ದಿರುತ್ತದೆ. ಇಲ್ಲವೇ ಫಾದರ್ ಅಂದು ಇನ್ನೊಂದು ಉಪಕೇಂದ್ರದ ಹಬ್ಬಕ್ಕೆ ಹೋಗಬೇಕಿರುತ್ತದೆ, ಅಥವಾ ವರನ ಜ್ಞಾನಸ್ನಾನದ (ಬ್ಯಾಪ್ಟಿಸಮ್) ಪತ್ರದಲ್ಲಿರುವ ಹೆಸರಿಗೂ ಆಧಾರ್ ಕಾರ್ಡಿನ ಹೆಸರಿಗೂ ತಾಳೆಯಾಗುವುದಿಲ್ಲ. ಅಲ್ಲಿಂದ ಮದುವೆಯ ದಿನದವರೆಗೂ ಎರಡೂ ಮನೆಯವರಿಗೆ ಓಡಾಟವೇ ಓಡಾಟ. ವಿವಾಹ ಸಂಸ್ಕಾರದ ಬಗ್ಗೆ ಯೋಚಿಸಲು ಯಾರಿಗೂ ಬಿಡುವಿರುವುದಿಲ್ಲ.

ಕಥೋಲಿಕ ಮದುವೆಯನ್ನು ಮದುವೆಯಾಗಿಸುವುದು ವಧುವರರ ಸಮ್ಮತಿ. ಅವರಿಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡುತ್ತಾ ಆಡುವ ಆ ಕೆಲವು ವಾಕ್ಯಗಳು ಮುಗಿಯಲು ಎರಡು ನಿಮಿಷವೂ ಬೇಕಾಗುವುದಿಲ್ಲ. ಅವು ಸ್ವತಂತ್ರವಾಗಿ, ಅರ್ಥವಾಗುವ ಭಾಷೆಯಲ್ಲಿ, ಕೊನೆಯ ಬೆಂಚಿನವರಿಗೂ ಕೇಳಿಸುವಂತೆ ಬರಬೇಕು. ಈ ಮಾರ್ಗದರ್ಶಿಯ ಎಲ್ಲ ಹಂತಗಳೂ ಅದಕ್ಕಾಗಿಯೇ ಇವೆ. ಯಾವ ಖರ್ಚು ಬೇಕು, ಯಾವುದು ಬೇಡ ಎಂಬ ಗೊಂದಲ ಬಂದಾಗಲೂ ಇದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಿ.

ಮೊದಲು ಒಂದು ಫೈಲು ಮತ್ತು ಒಂದು ನೋಟ್‌ಬುಕ್ ಕೊಳ್ಳಿ. ಫೈಲಿನಲ್ಲಿ ಮೂಲ ಪತ್ರಗಳೂ ತಲಾ ಮೂರು ನಕಲುಗಳೂ ಇರಲಿ. ಫಾದರ್ ಹೇಳಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಬರೆದುಕೊಳ್ಳಿ. ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಿದರೆ ಸಾಕು ಎನ್ನಬೇಡಿ. ಅಲ್ಲಿ ಶುಭಾಶಯಗಳ ನಡುವೆ ಮುಖ್ಯ ಮಾತು ಕಳೆದುಹೋಗುತ್ತದೆ.

ಹಂತ 1: ಮೊದಲು ಧರ್ಮಗುರು, ಆಮೇಲೆ ಮಂಟಪ

ಮದುವೆಗೆ ಕನಿಷ್ಠ ಆರು ತಿಂಗಳಿರುವಾಗಲೇ ವಧುವರರಿಬ್ಬರೂ ತಮ್ಮ ತಮ್ಮ ಧರ್ಮಕೇಂದ್ರದ (ಪ್ಯಾರಿಷ್) ವಿಚಾರಣಾ ಗುರುಗಳನ್ನು, ಅಂದರೆ ಅದರ ಹೊಣೆ ಹೊತ್ತ ಫಾದರ್ ಅವರನ್ನು, ಕಾಣಬೇಕು. ಅಪ್ಪ ಅಮ್ಮ ಜೊತೆಗೆ ಬರಬಹುದು. ಆದರೆ ಮಾತಾಡಬೇಕಾದವರು ಮದುವೆಯಾಗುವವರು.

ಚರ್ಚಿನ ಕಾನೂನಿನ ಪ್ರಕಾರ ಮದುವೆ ನಡೆಯಬೇಕಾದದ್ದು ವಧು ಅಥವಾ ವರ ವಾಸವಾಗಿರುವ ಧರ್ಮಕೇಂದ್ರದಲ್ಲಿ. ಹುಟ್ಟಿದ್ದು ಸುಂಟಿಕೊಪ್ಪದಲ್ಲಿ, ಕೆಲಸ ಬೆಂಗಳೂರಿನಲ್ಲಿ, ಮದುವೆಯಾಗಬೇಕೆಂಬ ಆಸೆ ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚಿನಲ್ಲಿ ಎಂದಾದರೆ ಅದಕ್ಕೆ ತಡೆಯಿಲ್ಲ. ಆದರೆ ನಿಮ್ಮ ಸ್ವಂತ ಧರ್ಮಗುರುವಿನ ಅನುಮತಿ ಪತ್ರ ಬೇಕು. ಅದನ್ನು ಬಾಯಿಮಾತಿನಲ್ಲಿ ಮುಗಿಸಬೇಡಿ.

ಈಚೆಗೆ ಹೋಂಸ್ಟೇ ಅಂಗಳದಲ್ಲೋ ತೋಟದ ಬಂಗಲೆಯ ಹುಲ್ಲುಹಾಸಿನ ಮೇಲೋ ಮದುವೆಯಾಗುವ ಆಸೆ ಹೆಚ್ಚುತ್ತಿದೆ. ವಿವಾಹ ಸಂಸ್ಕಾರದ ಜಾಗ ಚರ್ಚು. ಬೇರೆ ಜಾಗಕ್ಕೆ ಧರ್ಮಾಧ್ಯಕ್ಷರ (ಬಿಷಪ್) ಅನುಮತಿ ಬೇಕು, ಅದು ಸುಲಭವಾಗಿ ಸಿಗುತ್ತದೆಂದು ನಂಬಿ ಮುಂಗಡ ಕೊಡಬೇಡಿ. ಸಂಸ್ಕಾರ ಚರ್ಚಿನಲ್ಲಿ ನಡೆದು, ಸತ್ಕಾರ ಕೂಟ ತೋಟದಲ್ಲಿ ನಡೆದರೆ ಯಾರಿಗೂ ನಷ್ಟವಿಲ್ಲ.

ದಿನಾಂಕ ಆರಿಸುವಾಗ ಎರಡು ಕ್ಯಾಲೆಂಡರುಗಳನ್ನು ಎದುರಿಗಿಟ್ಟುಕೊಳ್ಳಿ. ಒಂದು ಧರ್ಮಸಭೆಯದು. ಶುಭ ಶುಕ್ರವಾರ ಮತ್ತು ಪವಿತ್ರ ಶನಿವಾರದಂದು ಮದುವೆ ಇಲ್ಲವೇ ಇಲ್ಲ. ತಪಸ್ಸುಕಾಲದಲ್ಲೂ ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದಲ್ಲೂ ನಮ್ಮ ಕಡೆ ಸಾಮಾನ್ಯವಾಗಿ ಮದುವೆ ಇಟ್ಟುಕೊಳ್ಳುವುದಿಲ್ಲ. ತೀರಾ ಅನಿವಾರ್ಯವಾದಾಗ ಅನುಮತಿ ಸಿಕ್ಕರೂ ಹೂವಿನ ಅಲಂಕಾರ, ಸಂಗೀತ ಎಲ್ಲವೂ ಸರಳವಾಗಿರಬೇಕು. 2027ರಲ್ಲಿ ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ ಫೆಬ್ರವರಿ 10ಕ್ಕೆ, ಪಾಸ್ಕ ಹಬ್ಬ (ಈಸ್ಟರ್) ಮಾರ್ಚ್ 28ಕ್ಕೆ ಬರುತ್ತದೆ. ಅಂದರೆ ಆ ವರ್ಷ ಫೆಬ್ರವರಿಯ ಬಹುಭಾಗ ಮದುವೆಗೆ ಸಿಗುವುದಿಲ್ಲ. ಪಾಸ್ಕದ ದಿನ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಹಿಂದಿನ ವರ್ಷ ಅಣ್ಣನ ಮದುವೆ ನಡೆದ ತಾರೀಖನ್ನೇ ನೆಚ್ಚಿಕೊಳ್ಳಬೇಡಿ.

ಇನ್ನೊಂದು ಕೊಡಗಿನದು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ದೂರದ ನೆಂಟರನ್ನು ಘಟ್ಟ ಹತ್ತಿಸುವುದು ಬೇಡ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಕಡಿದುಹೋದದ್ದನ್ನು ನಾವೆಲ್ಲ ಕಂಡಿದ್ದೇವೆ. ಅರೇಬಿಕಾ ಕೊಯ್ಲು ಸುಮಾರು ನವೆಂಬರ್‌ನಿಂದ, ರೊಬಸ್ಟಾ ಕೊಯ್ಲು ಜನವರಿಯಿಂದ ಮಾರ್ಚ್‌ವರೆಗೆ. ಆಗ ತೋಟದ ಕೆಲಸದವರಿಗೂ ಮಾಲೀಕರಿಗೂ ವಾರದ ನಡುವೆ ಬಿಡುವು ಸಿಗುವುದಿಲ್ಲ. ಕ್ರಿಸ್ಮಸ್‌ನಿಂದ ಹೊಸ ವರ್ಷದವರೆಗೆ ಪ್ರವಾಸಿಗರಿಂದಾಗಿ ಕೊಠಡಿ ಸಿಗುವುದೇ ಕಷ್ಟ, ಸಿಕ್ಕರೂ ಬಾಡಿಗೆ ದುಬಾರಿ. ನನ್ನನ್ನು ಕೇಳಿದರೆ ಪಾಸ್ಕದ ನಂತರ ಮೇ ಮಧ್ಯದವರೆಗಿನ ದಿನಗಳೇ ಉತ್ತಮ. ಆಗ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುವುದುಂಟು, ಆದ್ದರಿಂದ ಬಲಿಪೂಜೆ ಬೆಳಿಗ್ಗೆಯೇ ಇರಲಿ.

ಸಂಜೆಯ ಮದುವೆಗೆ ಆಸೆ ಪಡುವವರು ಎರಡು ವಿಷಯ ಗಮನಿಸಬೇಕು. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯ ಪ್ರಕಾರ ಮದುವೆ ಬೆಳಿಗ್ಗೆ 6ರಿಂದ ಸಂಜೆ 7ರೊಳಗೆ ನಡೆಯಬೇಕು. ಅದರಾಚೆಗಾದರೆ ಧರ್ಮಗುರುವಿಗೆ ಧರ್ಮಾಧ್ಯಕ್ಷರ ಪರವಾನಗಿ ಇರಬೇಕು. ಎರಡನೆಯದು, ಸಿದ್ದಾಪುರದ ಕಡೆಯ ತೋಟದ ರಸ್ತೆಗಳಲ್ಲಿ ಕತ್ತಲಾದ ಮೇಲೆ ಆನೆಗಳ ಭಯವಿದೆ. ವಯಸ್ಸಾದವರು ಊಟ ಮುಗಿಸಿ ಬೆಳಕಿರುವಾಗಲೇ ಮನೆ ಸೇರುವಂತಿರಬೇಕು.

ಹಂತ 2: ಕಾಗದಪತ್ರಗಳು

ಅತಿ ಹೆಚ್ಚು ತೊಂದರೆ ಆಗುವುದು ಇಲ್ಲೇ. ಆದ್ದರಿಂದ ಇದನ್ನು ನಿಧಾನವಾಗಿ ಓದಿ.

ಜ್ಞಾನಸ್ನಾನದ ಪತ್ರ ಹೊಸದಾಗಿ ಬರೆಸಿದ್ದಾಗಿರಬೇಕು, ಸಾಮಾನ್ಯವಾಗಿ ಆರು ತಿಂಗಳೊಳಗಿನದು. ಪ್ರಥಮ ಪರಮಪ್ರಸಾದದ (ಕಮ್ಯುನಿಯನ್) ಸಮಯದಲ್ಲಿ ಪಡೆದು ಪೆಟ್ಟಿಗೆಯಲ್ಲಿಟ್ಟ ಹಳೆಯ ಪತ್ರ ನಡೆಯುವುದಿಲ್ಲ. ಇದಕ್ಕೆ ಕಾರಣವಿದೆ. ದೃಢೀಕರಣವಾಗಲಿ (ಕನ್ಫರ್ಮೇಶನ್) ಮದುವೆಯಾಗಲಿ ಜ್ಞಾನಸ್ನಾನದ ಮೂಲ ದಾಖಲೆಯ ಪಕ್ಕದಲ್ಲೇ ನಮೂದಾಗುತ್ತದೆ. ಹೊಸ ಪತ್ರ ತೆಗೆಸಿದರೆ ಈ ವ್ಯಕ್ತಿಗೆ ಹಿಂದೆ ಮದುವೆಯಾಗಿದೆಯೇ ಎಂಬುದು ತಿಳಿಯುತ್ತದೆ. ಜ್ಞಾನಸ್ನಾನ ಆದದ್ದು ಕೇರಳದಲ್ಲೋ ಮಂಗಳೂರಿನ ಕಡೆಯೋ ಆಗಿದ್ದರೆ ಮೊದಲ ವಾರವೇ ಬರೆದು ಕೇಳಿ.

ದೃಢೀಕರಣ ಸಂಸ್ಕಾರ ಪಡೆಯದವರು ಮದುವೆಗೆ ಮೊದಲು ಪಡೆಯಬೇಕು. ಇದನ್ನು ಕೊನೆಯ ತಿಂಗಳಲ್ಲಿ ಹೇಳಿದರೆ ಫಾದರ್ ಏನು ಮಾಡಲು ಸಾಧ್ಯ?

ಊರು ಬಿಟ್ಟು ದುಬೈ, ಕುವೈತ್ ಅಥವಾ ದೊಡ್ಡ ನಗರಗಳಲ್ಲಿ ವರ್ಷಗಟ್ಟಲೆ ಇದ್ದವರಿಗೆ ಅಲ್ಲಿನ ಧರ್ಮಕೇಂದ್ರದಿಂದ, ಇವರಿಗೆ ಮದುವೆಯಾಗಿಲ್ಲ, ಮದುವೆಯಾಗಲು ಅಡ್ಡಿಯಿಲ್ಲ ಎಂಬ ಪತ್ರ ಬೇಕಾಗುತ್ತದೆ. ರಜೆಯ ಮೇಲೆ ಊರಿಗೆ ಬಂದ ಮೇಲೆ ಇದನ್ನು ತರಿಸುವುದು ದೊಡ್ಡ ಕಷ್ಟ. ಅಲ್ಲಿಂದ ಹೊರಡುವ ಮುನ್ನವೇ ತೆಗೆದುಕೊಳ್ಳಲಿ.

ಹೆಸರಿನ ಸಮಸ್ಯೆ ನಮ್ಮಲ್ಲಿ ಬಹಳ. ಜ್ಞಾನಸ್ನಾನದಲ್ಲಿ ಜೋಸೆಫ್, ಶಾಲೆಯಲ್ಲಿ ರಾಜು, ಆಧಾರ್‌ನಲ್ಲಿ ರಾಜೇಶ್. ಎಲ್ಲ ಪತ್ರಗಳನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ಹೆಸರು, ತಂದೆಯ ಹೆಸರು, ಹುಟ್ಟಿದ ದಿನ ಈ ಮೂರನ್ನು ಅಕ್ಷರ ಅಕ್ಷರ ಹೋಲಿಸಿ. ವ್ಯತ್ಯಾಸ ಕಂಡರೆ ಮುಚ್ಚಿಡದೆ ಫಾದರ್‌ಗೆ ತೋರಿಸಿ, ಈ ಹೆಸರುಗಳೆಲ್ಲ ಒಬ್ಬರದೇ ಎಂಬ ಪ್ರಮಾಣಪತ್ರವನ್ನು ನೋಟರಿಯಿಂದ ಮಾಡಿಸಬೇಕೇ ಎಂದು ಕೇಳಿ. ಮದುವೆಯ ದಾಖಲೆಯಲ್ಲಿ ತಪ್ಪು ಹೆಸರು ಕೂತುಬಿಟ್ಟರೆ ಮುಂದೆ ಪಾಸ್‌ಪೋರ್ಟ್, ವೀಸಾ ಕೆಲಸದಲ್ಲಿ ಅದು ಮತ್ತೆ ಮತ್ತೆ ಕಾಡುತ್ತದೆ.

ವಯಸ್ಸಿನ ಪುರಾವೆ (ವರನಿಗೆ 21, ವಧುವಿಗೆ 18 ತುಂಬಿರಬೇಕು), ಇಬ್ಬರು ಸಾಕ್ಷಿಗಳ ಗುರುತಿನ ಚೀಟಿ, ಫೋಟೋಗಳು ಕೂಡ ಫೈಲಿನಲ್ಲಿರಲಿ. ವಿಧುರ ಅಥವಾ ವಿಧವೆಯಾಗಿದ್ದರೆ ಮೊದಲ ಸಂಗಾತಿಯ ಮರಣ ಪತ್ರ ಬೇಕು.

ಎಚ್ಚರಿಕೆಯ ಗುರುತುಗಳು: ಇಬ್ಬರಲ್ಲಿ ಒಬ್ಬರಿಗೆ ಹಿಂದೆ ಮದುವೆಯಾಗಿ ನ್ಯಾಯಾಲಯದಲ್ಲಿ ವಿಚ್ಛೇದನವಾಗಿದ್ದರೆ ಅಷ್ಟರಿಂದಲೇ ಚರ್ಚಿನಲ್ಲಿ ಮದುವೆಯಾಗಲು ಬರುವುದಿಲ್ಲ. ಧರ್ಮಸಭೆಯ ನ್ಯಾಯಮಂಡಳಿಯ ತೀರ್ಪು ಕೈಗೆ ಬರುವವರೆಗೆ ದಿನಾಂಕದ ಮಾತೇ ಎತ್ತಬೇಡಿ. ಸೋದರಮಾವ–ಸೊಸೆ, ಅತ್ತೆಮಗ–ಮಾವನಮಗಳು ಇಂಥ ಸಂಬಂಧಗಳು ನಮ್ಮ ನಾಡಿನಲ್ಲಿ ರೂಢಿಯಲ್ಲಿರಬಹುದು, ಆದರೆ ಚರ್ಚಿನ ಕಾನೂನಿನಲ್ಲಿ ಅವು ಮದುವೆಯನ್ನೇ ಅಸಿಂಧುಗೊಳಿಸುವ ಅಡ್ಡಿಗಳು. ಧರ್ಮಾಧ್ಯಕ್ಷರಿಂದ ವಿನಾಯಿತಿ ಪಡೆಯದೆ ಮುಂದುವರಿಯುವಂತಿಲ್ಲ. ಮೊದಲ ಭೇಟಿಯಲ್ಲೇ ಸಂಬಂಧ ಇದ್ದದ್ದನ್ನು ಇದ್ದಂತೆ ಹೇಳಿ.

ಹಂತ 3: ಶಿಬಿರ, ವಿಚಾರಣೆ, ಪ್ರಕಟಣೆ

ವಿವಾಹಪೂರ್ವ ಸಿದ್ಧತಾ ಶಿಬಿರದ ಪ್ರಮಾಣಪತ್ರವಿಲ್ಲದೆ ಕೆಲಸ ಮುಂದೆ ಹೋಗುವುದಿಲ್ಲ. ಕೊಡಗು ಮೈಸೂರು ಧರ್ಮಕ್ಷೇತ್ರಕ್ಕೆ (ಡಯೋಸಿಸ್) ಸೇರಿದೆ. ಮುಂದಿನ ಶಿಬಿರ ಯಾವಾಗ, ಎಲ್ಲಿ, ಯಾವ ಭಾಷೆಯಲ್ಲಿ ಎಂಬುದನ್ನು ನಿಮ್ಮ ಧರ್ಮಗುರುವಿನಿಂದಲೇ ತಿಳಿಯಿರಿ. ಸಾಧ್ಯವಿದ್ದರೆ ಇಬ್ಬರೂ ಒಟ್ಟಿಗೆ ಹೋಗಿ. ಹಣಕಾಸು, ಅತ್ತೆ ಮಾವಂದಿರ ಜೊತೆಗಿನ ಬಾಳು, ಮಕ್ಕಳು, ಕುಡಿತ ಇಂಥ ವಿಷಯಗಳನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಅಲ್ಲಿ ಮಾತಾಡಿಕೊಳ್ಳುವ ಅವಕಾಶ ಸಿಗುತ್ತದೆ.

ಆಮೇಲೆ ಫಾದರ್ ವಧುವನ್ನೂ ವರನನ್ನೂ ಬೇರೆ ಬೇರೆಯಾಗಿ ಕೂರಿಸಿ ಪ್ರಶ್ನೆ ಕೇಳಿ ಸಹಿ ಹಾಕಿಸಿಕೊಳ್ಳುತ್ತಾರೆ. ಯಾರಾದರೂ ಬಲವಂತ ಮಾಡುತ್ತಿದ್ದಾರೆಯೇ, ಮಕ್ಕಳನ್ನು ಬಯಸುತ್ತೀರಾ, ಇದು ಸಾಯುವವರೆಗಿನ ಬಂಧ ಎಂಬುದನ್ನು ಒಪ್ಪುತ್ತೀರಾ ಎಂಬಂಥ ಪ್ರಶ್ನೆಗಳು. ಹುಡುಗಿಯ ಬದಲು ಅವಳ ತಾಯಿ ಉತ್ತರ ಹೇಳುತ್ತಿದ್ದರೆ ಅದು ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆಯ ಗುರುತು. ಮನಸ್ಸಿಲ್ಲದಿದ್ದರೆ ಅದನ್ನು ಹೇಳಬೇಕಾದ ಜಾಗ ಈ ಕೋಣೆಯೇ. ಹೇಳಿದವರನ್ನು ಫಾದರ್ ಕಾಪಾಡುತ್ತಾರೆ.

ಮದುವೆಯ ಪ್ರಕಟಣೆಯನ್ನು ಸಾಮಾನ್ಯವಾಗಿ ಮೂರು ಭಾನುವಾರ ಎರಡೂ ಕಡೆಯ ಚರ್ಚುಗಳಲ್ಲಿ ಓದುತ್ತಾರೆ. ಮೂರು ಭಾನುವಾರ ಎಂದರೆ ಮೂರು ವಾರ. ಇನ್ನೊಂದು ಊರಿನಿಂದ "ಆಕ್ಷೇಪಣೆ ಇಲ್ಲ" ಎಂಬ ಪತ್ರ ಬರಲು ಮತ್ತೊಂದು ವಾರ ಹಿಡಿಯುತ್ತದೆ. ಲೆಕ್ಕ ಹಾಕುವಾಗ ಇದನ್ನು ಮರೆಯಬೇಡಿ.

ಹಂತ 4: ಬಲಿಪೂಜೆಯೊಂದಿಗೋ, ಬಲಿಪೂಜೆ ಇಲ್ಲದೆಯೋ

ಇಬ್ಬರೂ ಕಥೋಲಿಕರಾದರೆ ಬಲಿಪೂಜೆಯ ಒಳಗೇ ಮದುವೆ. ಒಬ್ಬರು ಬೇರೆ ಕ್ರೈಸ್ತ ಸಭೆಯವರಾದರೆ ಧರ್ಮಾಧಿಕಾರಿಗಳ ಅನುಮತಿ ಬೇಕು ಮತ್ತು ಸಾಮಾನ್ಯವಾಗಿ ಬಲಿಪೂಜೆ ಇಲ್ಲದೆ ದೇವರ ವಾಕ್ಯದ ವಿಧಿಯೊಂದಿಗೆ ಮದುವೆ ನಡೆಯುತ್ತದೆ. ಒಬ್ಬರು ಜ್ಞಾನಸ್ನಾನ ಪಡೆಯದವರಾದರೆ, ಉದಾಹರಣೆಗೆ ಕೊಡವ ಅಥವಾ ಗೌಡ ಮನೆತನದವರಾದರೆ, ಧರ್ಮಾಧ್ಯಕ್ಷರ ವಿನಾಯಿತಿ ಕಡ್ಡಾಯ. ಅದಿಲ್ಲದೆ ನಡೆದ ಮದುವೆ ಚರ್ಚಿನ ದೃಷ್ಟಿಯಲ್ಲಿ ಸಿಂಧುವಲ್ಲ. ಅರ್ಜಿ ಮೈಸೂರಿಗೆ ಹೋಗಿ ಬರಬೇಕಾದ್ದರಿಂದ ಸಮಯ ಹೆಚ್ಚು ಬೇಕು.

ಇಂಥ ಮದುವೆಗಳಲ್ಲಿ ಎರಡು ವಿಷಯಗಳನ್ನು ನಿಶ್ಚಿತಾರ್ಥಕ್ಕೆ ಮೊದಲೇ ಮನೆಮಂದಿಯ ಎದುರು ಮಾತಾಡಿ. ಕಥೋಲಿಕ ವಧು ಅಥವಾ ವರ ತಮ್ಮ ವಿಶ್ವಾಸದಲ್ಲಿ ಉಳಿಯುವುದಾಗಿಯೂ ಮಕ್ಕಳಿಗೆ ಜ್ಞಾನಸ್ನಾನ ಕೊಡಿಸಲು ಕೈಲಾದಷ್ಟು ಪ್ರಯತ್ನಿಸುವುದಾಗಿಯೂ ಮಾತು ಕೊಡಬೇಕು. ಇನ್ನೊಬ್ಬರಿಗೆ ಇದು ತಿಳಿದಿರಬೇಕು, ಅವರು ಮತಾಂತರವಾಗಬೇಕಿಲ್ಲ. ಎರಡನೆಯದಾಗಿ, ಅದೇ ಮದುವೆಯ ಸಮ್ಮತಿಯನ್ನು ಇನ್ನೊಂದು ಧಾರ್ಮಿಕ ವಿಧಿಯಲ್ಲಿ ಮತ್ತೊಮ್ಮೆ ಕೊಡುವುದಕ್ಕೆ ಚರ್ಚು ಒಪ್ಪುವುದಿಲ್ಲ. ಬೆಳಿಗ್ಗೆ ಚರ್ಚಿನಲ್ಲಿ, ಮಧ್ಯಾಹ್ನ ಮಂಟಪದಲ್ಲಿ ಮತ್ತೊಂದು ಮುಹೂರ್ತ ಎಂದು ಹಿರಿಯರು ಗೊತ್ತುಮಾಡಿಬಿಟ್ಟ ಮೇಲೆ ಇದನ್ನು ಹೇಳಿದರೆ ಮನಸ್ಸುಗಳು ಮುರಿಯುತ್ತವೆ. ಹಿರಿಯರ ಕಾಲಿಗೆರಗಿ ಆಶೀರ್ವಾದ ಪಡೆಯುವುದಕ್ಕೆ, ಅವರ ಮನೆಯ ಉಡುಗೆ ಉಟ್ಟು ಊಟಕ್ಕೆ ಕೂರುವುದಕ್ಕೆ ಯಾವ ತೊಂದರೆಯೂ ಇಲ್ಲ.

ಒಬ್ಬರು ಲತೀನ್, ಇನ್ನೊಬ್ಬರು ಕೇರಳ ಮೂಲದ ಸೀರೋ–ಮಲಬಾರ್ ಸಭೆಯವರಾದರೆ ಇಬ್ಬರೂ ಕಥೋಲಿಕರೇ. ಆದರೂ ಪೂಜಾವಿಧಿ ಬೇರೆ, ವರ ವಧುವಿಗೆ ಹೊದಿಸುವ ಮಂತ್ರಕೋಡಿ ಸೀರೆಯಂಥ ಆಚರಣೆಗಳು ಬೇರೆ. ಯಾವ ವಿಧಿಯಲ್ಲಿ ನಡೆಸಬೇಕೆಂಬುದನ್ನು ಎರಡೂ ಕಡೆಯ ಧರ್ಮಗುರುಗಳೇ ಮಾತಾಡಿಕೊಳ್ಳಲಿ.

ಹೊರಗಿನ ಧರ್ಮಗುರು ಮದುವೆ ನಡೆಸಿಕೊಡುವುದಾದರೆ ಒಂದು ಮುಖ್ಯ ಸಂಗತಿ. ವಧುವಿನ ಚಿಕ್ಕಪ್ಪ ಫಾದರ್ ಆಗಿರಬಹುದು, ಆದರೂ ಅವರು ಬೇರೆ ಧರ್ಮಕೇಂದ್ರದವರಾದ್ದರಿಂದ ಇಲ್ಲಿ ಸಮ್ಮತಿ ಸ್ವೀಕರಿಸುವ ಅಧಿಕಾರ ತಾನಾಗಿ ಅವರಿಗೆ ಬರುವುದಿಲ್ಲ. ಇಲ್ಲಿನ ವಿಚಾರಣಾ ಗುರು ಅವರ ಹೆಸರಿಗೇ ಅಧಿಕಾರ ಕೊಡಬೇಕು. ಇದು ತಪ್ಪಿದರೆ ಮದುವೆಯ ಸಿಂಧುತ್ವಕ್ಕೇ ಧಕ್ಕೆ. ಬರವಣಿಗೆಯಲ್ಲಿ ಕೊಟ್ಟು ಅದರ ಒಂದು ಪ್ರತಿ ಮದುವೆಯ ಫೈಲಿನಲ್ಲಿ ಉಳಿಯಲಿ.

ಹಂತ 5: ವಾಚನಗಳು ಮತ್ತು ಭಾಷೆ

ಬಲಿಪೂಜೆಯಲ್ಲಿ ಓದುವ ಬೈಬಲ್ ವಾಚನಗಳನ್ನು ಮದುವೆಗೆ ಗೊತ್ತುಪಡಿಸಿದ ಪಟ್ಟಿಯಿಂದಲೇ ಆರಿಸಬೇಕು. ಒಂದಾದರೂ ವಾಚನ ನೇರವಾಗಿ ವಿವಾಹವನ್ನು ಕುರಿತದ್ದಾಗಿರಬೇಕು. ಎಲ್ಲರೂ 1 ಕೊರಿಂಥ 13ನ್ನೇ ಆರಿಸುತ್ತಾರೆ. ಅದು ಸುಂದರ, ನಿಜ, ಆದರೆ ಅದರಲ್ಲಿ ಮದುವೆಯ ಮಾತು ನೇರವಾಗಿ ಬರುವುದಿಲ್ಲ. ಅದನ್ನು ಇಟ್ಟುಕೊಂಡರೆ ಜೊತೆಗೆ ಆದಿಕಾಂಡ 2ರ ಭಾಗವನ್ನೋ ಮತ್ತಾಯ 19ರ ಶುಭಸಂದೇಶವನ್ನೋ ಇಟ್ಟುಕೊಳ್ಳಿ. ನನಗೆ ಹೆಚ್ಚು ಹಿಡಿಸುವುದು ತೊಬೀತನ ಗ್ರಂಥದಲ್ಲಿ ಹೊಸ ದಂಪತಿ ರಾತ್ರಿ ಎದ್ದು ಒಟ್ಟಿಗೆ ಪ್ರಾರ್ಥಿಸುವ ಭಾಗ. ಒಟ್ಟಿಗೆ ವಯಸ್ಸಾಗುವ ಭಾಗ್ಯವನ್ನು ಅವರು ದೇವರಲ್ಲಿ ಬೇಡಿಕೊಳ್ಳುತ್ತಾರೆ. ಈ ಗ್ರಂಥ ಪ್ರೊಟೆಸ್ಟೆಂಟ್ ಬೈಬಲ್‌ನಲ್ಲಿ ಇರುವುದಿಲ್ಲ, ಆದ್ದರಿಂದ ಪಠ್ಯವನ್ನು ಮೊಬೈಲ್‌ನಿಂದ ತೆಗೆಯದೆ ಚರ್ಚಿನ ವಾಚನ ಗ್ರಂಥದಿಂದಲೇ ಓದಿಸಿ.

ಇಬ್ಬರೂ ಪಟ್ಟಿಯನ್ನು ಒಟ್ಟಿಗೆ ಗಟ್ಟಿಯಾಗಿ ಓದಿ ಆರಿಸಿ. ಏಕೆ ಆರಿಸಿದಿರಿ ಎಂಬುದನ್ನು ಎರಡು ಸಾಲಿನಲ್ಲಿ ಫಾದರ್‌ಗೆ ಬರೆದುಕೊಡಿ. ಪ್ರಬೋಧನೆ, ಅಂದರೆ ವಾಚನಗಳ ಮೇಲೆ ಫಾದರ್ ಕೊಡುವ ಉಪದೇಶ, ನಿಮ್ಮ ಬದುಕಿಗೆ ಹತ್ತಿರವಾಗಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಭಾನುವಾರ ಅಥವಾ ಮಹೋತ್ಸವದ ದಿನ ಮದುವೆಯಾದರೆ ಆ ದಿನದ ವಾಚನಗಳನ್ನೇ ಉಳಿಸಿಕೊಳ್ಳಬೇಕಾಗಬಹುದು, ಮೊದಲೇ ಕೇಳಿ.

ಓದುವವರನ್ನು ನೆಂಟಸ್ತಿಕೆಯ ಮೇಲೆ ಆರಿಸಬೇಡಿ. ಗಟ್ಟಿಯಾಗಿ, ತಡವರಿಸದೆ ಓದಬಲ್ಲವರು ಬೇಕು. ದೊಡ್ಡಪ್ಪನಿಗೆ ಗೌರವ ಕೊಡಬೇಕೆಂದಿದ್ದರೆ ಕಾಣಿಕೆ ತರುವ ಮೆರವಣಿಗೆಯಲ್ಲಿ ಕೊಡಿ.

ಕೊಡಗಿನ ಚರ್ಚಿನಲ್ಲಿ ಕನ್ನಡ, ಕೊಂಕಣಿ, ಮಲಯಾಳ, ತಮಿಳು, ಇಂಗ್ಲಿಷ್ ಮಾತಾಡುವವರು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಎಲ್ಲರನ್ನೂ ಮೆಚ್ಚಿಸಲು ಹೋಗಿ ಪ್ರತಿ ಪ್ರಾರ್ಥನೆಗೂ ಭಾಷೆ ಬದಲಿಸಿದರೆ ಯಾರಿಗೂ ಪ್ರಾರ್ಥಿಸಲಾಗುವುದಿಲ್ಲ. ಒಂದು ಮುಖ್ಯ ಭಾಷೆ ಇರಲಿ. ಒಂದು ವಾಚನ, ಒಂದೆರಡು ಹಾಡು, ವಿಶ್ವಾಸಿಗಳ ಪ್ರಾರ್ಥನೆಯ ಕೆಲವು ಬಿನ್ನಹಗಳು ಇನ್ನೊಂದು ಭಾಷೆಯಲ್ಲಿರಲಿ. ಸಮ್ಮತಿಯ ಮಾತುಗಳನ್ನು ಮಾತ್ರ ವಧು ತನ್ನ ಭಾಷೆಯಲ್ಲಿ, ವರ ತನ್ನ ಭಾಷೆಯಲ್ಲಿ ಹೇಳಿದರೂ ಸರಿಯೇ. ಇಬ್ಬರಿಗೂ ಇಬ್ಬರ ಮಾತೂ ಅರ್ಥವಾಗಿರಬೇಕು, ಅಷ್ಟೆ.

ಹಂತ 6: ಹಾಡುಗಳು

ಹಾಡುಗಳ ಪಟ್ಟಿಯನ್ನು ಗಾನವೃಂದದವರೊಂದಿಗೆ ಕೂತು ಮಾಡಿ, ಫಾದರ್‌ಗೆ ತೋರಿಸಿ, ಆಮೇಲೆ ಅಚ್ಚಿಗೆ ಕೊಡಿ. ಸಿನಿಮಾ ಹಾಡಿನ ರಾಗಕ್ಕೆ ಹೊಸ ಮಾತು ಕಟ್ಟುವುದು ಬೇಡ, ಅವುಗಳಿಗೆ ಸಂಜೆಯ ಕೂಟವಿದೆ. ಹೊರಗಿನಿಂದ ದುಬಾರಿ ತಂಡ ಕರೆಸಿದಾಗ ಜನ ಬಾಯಿ ಮುಚ್ಚಿ ನೋಡುತ್ತಾ ಕೂರುತ್ತಾರೆ. ಊರಿನ ಗಾನವೃಂದ, ಊರಿಗೆಲ್ಲ ಗೊತ್ತಿರುವ ಹಾಡು, ಇದಕ್ಕೆ ಇಡೀ ಚರ್ಚು ದನಿಗೂಡಿಸುತ್ತದೆ. ಕೀರ್ತನೆ 128ರ ಪಲ್ಲವಿಯನ್ನಾದರೂ ಎಲ್ಲರೂ ಹಾಡುವಂತಿರಲಿ.

ಹಂತ 7: ಸಮ್ಮತಿ, ಉಂಗುರ, ತಾಳಿ

ವಿಧಿಯ ಕ್ರಮವನ್ನು ಚೆನ್ನಾಗಿ ತಿಳಿದುಕೊಳ್ಳಿ. ಪ್ರಬೋಧನೆ ಮುಗಿದ ಮೇಲೆ ಎಲ್ಲರೂ ನಿಲ್ಲುತ್ತಾರೆ. ಧರ್ಮಗುರು ಮೂರು ವಿಷಯ ಕೇಳುತ್ತಾರೆ: ಸ್ವಇಚ್ಛೆಯಿಂದ ಬಂದಿದ್ದೀರಾ, ಜೀವನಪರ್ಯಂತ ಪ್ರೀತಿಸಿ ಗೌರವಿಸುತ್ತೀರಾ, ದೇವರು ಕೊಡುವ ಮಕ್ಕಳನ್ನು ಸ್ವೀಕರಿಸಿ ವಿಶ್ವಾಸದಲ್ಲಿ ಬೆಳೆಸುತ್ತೀರಾ. ಆಮೇಲೆ ಬಲಗೈ ಹಿಡಿದು ಸಮ್ಮತಿ. ಧರ್ಮಗುರು ಅದನ್ನು ಸಭೆಯ ಹೆಸರಿನಲ್ಲಿ ಸ್ವೀಕರಿಸುತ್ತಾರೆ. ಅದರ ನಂತರವೇ ಉಂಗುರಗಳನ್ನು ಆಶೀರ್ವದಿಸಿ ತೊಡಿಸುವುದು, ನಮ್ಮ ಕಡೆ ತಾಳಿ ಅಥವಾ ಕರಿಮಣಿ, ಕೆಲವೆಡೆ ಹಾರ. ತಾಳಿ ಕಟ್ಟಿದಾಗ ಮದುವೆಯಾಯಿತು ಎಂದು ಜನ ಭಾವಿಸಿ ಆಗ ಮಾತ್ರ ಎದ್ದು ನೋಡುತ್ತಾರೆ. ಮದುವೆ ಅದಕ್ಕೆ ಮೊದಲೇ, ಸಮ್ಮತಿಯಲ್ಲೇ ಆಗಿರುತ್ತದೆ.

ಸಮ್ಮತಿಯನ್ನು ಬಾಯಿಪಾಠವಾಗಿ ಹೇಳಬಹುದು, ಧರ್ಮಗುರು ಹೇಳಿಕೊಟ್ಟಂತೆ ಹೇಳಬಹುದು, ಅಥವಾ ಪ್ರಶ್ನೆಗೆ ಉತ್ತರವಾಗಿ ಒಪ್ಪಿಗೆ ಕೊಡಬಹುದು. ನನ್ನ ಸಲಹೆ, ಬಾಯಿಪಾಠ ಮಾಡಿ. ಒಂದು ತಿಂಗಳು ದಿನಕ್ಕೊಮ್ಮೆ ಹೇಳಿಕೊಂಡರೆ ಅದು ನಿಮ್ಮ ಸ್ವಂತ ಮಾತಾಗುತ್ತದೆ. ಮರೆತರೆ ಫಾದರ್ ಪಕ್ಕದಲ್ಲೇ ಇರುತ್ತಾರೆ. ಸ್ವಂತವಾಗಿ ಬರೆದ ಪ್ರತಿಜ್ಞೆಯನ್ನು ಇದರ ಬದಲು ಬಳಸುವಂತಿಲ್ಲ. ಸಂಗಾತಿಗೆ ಹೇಳಬೇಕಾದ ಮಾತು ಬೇರೆ ಇದ್ದರೆ ಊಟದ ಮನೆಯಲ್ಲಿ ಹೇಳಿ.

ಇನ್ನು ಮೈಕ್. ವಿಡಿಯೋದವರ ಕಾಲರ್ ಮೈಕ್ ವಿಡಿಯೋಗೆ ಮಾತ್ರ ಕೇಳಿಸುತ್ತದೆ, ಜನರಿಗಲ್ಲ. ವಧುವರರ ನಡುವೆ ಎದೆಯ ಎತ್ತರದಲ್ಲಿ ಸ್ಟ್ಯಾಂಡಿನ ಮೈಕ್ ಇರಲಿ, ಅಥವಾ ಧರ್ಮಗುರು ಕೈಮೈಕನ್ನು ಹಿಡಿಯಲಿ. ತಗಡಿನ ಮಾಡಿನ ಚರ್ಚುಗಳಲ್ಲಿ ಜೋರು ಮಳೆ ಬಂದರೆ ಬರಿಗಂಟಲಿನ ಮಾತು ಎರಡನೇ ಬೆಂಚಿಗೂ ತಲುಪುವುದಿಲ್ಲ.

ತಾಳಿಯ ಸರವನ್ನು ಮನೆಯಲ್ಲೇ ಪರೀಕ್ಷಿಸಿ. ಹೊಸ ಚಿನ್ನದ ಸರದ ಕೊಕ್ಕೆ ಬಿಗಿಯಾಗಿರುತ್ತದೆ. ಅಂದು ವರ ವಧುವಿನ ಕೊರಳ ಹಿಂದೆ ಕೈಹಾಕಿದಾಗ ಮುಸುಕು, ಅದರ ಕೆಳಗೆ ಮಲ್ಲಿಗೆ ದಂಡೆ, ಅದರ ಕೆಳಗೆ ಸೀರೆಯ ಪಿನ್ನು, ಇಷ್ಟರ ನಡುವೆ ಅವನಿಗೆ ಕೊಕ್ಕೆಯೇ ಕಾಣಿಸುವುದಿಲ್ಲ. ಬೆರಳು ನಡುಗುತ್ತದೆ. ನಾದಿನಿ ಒಂದು ಕಡೆ, ಫೋಟೋದವರು ಇನ್ನೊಂದು ಕಡೆ ನುಗ್ಗುತ್ತಾರೆ. ಮುಸುಕನ್ನು ಸ್ವಲ್ಪ ಮೇಲೆ ಪಿನ್ ಮಾಡಿಸಿ, ಕೊಕ್ಕೆಯನ್ನು ಅಕ್ಕಸಾಲಿಗರ ಬಳಿ ಸಡಿಲಗೊಳಿಸಿ, ವರ ಹತ್ತು ಸಲ ಹಾಕಿ ತೆಗೆದು ಅಭ್ಯಾಸ ಮಾಡಲಿ. ಸಹಾಯಕ್ಕೆ ಒಬ್ಬರೇ ನಿಲ್ಲಲಿ, ಯಾರೆಂಬುದನ್ನು ಮೊದಲೇ ಗೊತ್ತುಮಾಡಿ.

ಹಂತ 8: ತಾಲೀಮು

ಎರಡು ದಿನ ಮೊದಲು ಸಂಜೆ ಒಂದು ಗಂಟೆ ಚರ್ಚಿನಲ್ಲೇ ಆಗಲಿ. ವಧುವರರು, ಇಬ್ಬರು ಸಾಕ್ಷಿಗಳು, ಓದುವವರು, ಕಾಣಿಕೆ ತರುವವರು, ಗಾನವೃಂದದ ಒಬ್ಬರು, ಫೋಟೋದವರು ಇವರೆಲ್ಲ ಬರಬೇಕು. ಬಾಗಿಲಿನಿಂದ ಬಲಿಪೀಠದವರೆಗೆ ನಡೆಯಿರಿ, ಎಲ್ಲಿ ನಿಲ್ಲಬೇಕು, ಯಾವಾಗ ಮಂಡಿಯೂರಬೇಕು ನೋಡಿಕೊಳ್ಳಿ. ಮೈಕಿನಲ್ಲಿ ಓದಿಸಿ, ಒಬ್ಬರನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿ ಕೇಳಿಸುತ್ತಿದೆಯೇ ಎಂದು ಕೇಳಿ. ಸಮ್ಮತಿಯ ಮಾತುಗಳನ್ನು ಮಾತ್ರ ಇಲ್ಲಿ ಪೂರ್ತಿ ಹೇಳಿಸಬೇಡಿ, ಅದು ಮದುವೆಯ ದಿನಕ್ಕೇ ಉಳಿಯಲಿ.

ಹಂತ 9: ಹೂವು, ಕ್ಯಾಮೆರಾ, ಕರೆಂಟು

ಹೂವು ಬಲಿಪೀಠದ ಮೇಲೆ ಗುಡ್ಡೆಯಾಗಬಾರದು, ಧರ್ಮಗುರುವನ್ನು ಮರೆಮಾಡಬಾರದು. ಹಳೆಯ ಕಂಬ, ಬೆಂಚುಗಳಿಗೆ ಮೊಳೆ, ಅಂಟುಪಟ್ಟಿ ಬೇಡ. ಒಳಗೆ ಕಾಗದದ ಚೂರು ಚಿಮ್ಮಿಸುವ ಪಟಾಕಿ ಖಂಡಿತ ಬೇಡ.

ಫೋಟೋದವರಿಗೆ ಮೂರು ಮಾತು ಬರೆದುಕೊಡಿ: ಬಲಿಪೀಠದ ಮೆಟ್ಟಿಲು ಹತ್ತಬಾರದು, ಸಮ್ಮತಿಯ ಹೊತ್ತಿಗೆ ವಧುವರರ ಮತ್ತು ಜನರ ನಡುವೆ ನಿಲ್ಲಬಾರದು, ಡ್ರೋನ್ ಒಳಗೆ ಹಾರಿಸಬಾರದು. "ಇನ್ನೊಮ್ಮೆ ಉಂಗುರ ಹಾಕಿ, ಇತ್ತ ನೋಡಿ" ಎಂದು ಅವರು ಹೇಳಿದರೆ ನೀವು ಒಪ್ಪಬೇಡಿ.

ಜನರೇಟರ್ ಇದ್ದರೂ ಕರೆಂಟು ಹೋದ ಕ್ಷಣಕ್ಕೂ ಅದು ಚಾಲೂ ಆಗುವುದಕ್ಕೂ ನಡುವೆ ಮೈಕ್ ಸತ್ತುಹೋಗುತ್ತದೆ. ಆಂಪ್ಲಿಫೈಯರ್‌ಗೆ ಒಂದು ಯುಪಿಎಸ್ ಇಡಿಸಿ.

ಅತಿಥಿಗಳಲ್ಲಿ ಬೇರೆ ಧರ್ಮದ ಅಕ್ಕಪಕ್ಕದವರು ಬಹಳ ಜನ ಇರುತ್ತಾರೆ. ನಿರೂಪಕರೊಬ್ಬರು ಯಾವಾಗ ನಿಲ್ಲಬೇಕು, ಕೂರಬೇಕು ಎಂಬುದನ್ನು ಚಿಕ್ಕ ವಾಕ್ಯಗಳಲ್ಲಿ ಹೇಳಲಿ. ಪರಮಪ್ರಸಾದವನ್ನು ಕಥೋಲಿಕರು ಮಾತ್ರ ಸ್ವೀಕರಿಸುತ್ತಾರೆಂಬುದನ್ನು, ಉಳಿದವರು ಕುಳಿತಲ್ಲೇ ದಂಪತಿಗಾಗಿ ಪ್ರಾರ್ಥಿಸಬೇಕೆಂಬ ಕೋರಿಕೆಯೊಂದಿಗೆ ವಿನಯದಿಂದ ತಿಳಿಸಲಿ.

ಹಂತ 10: ಹಿಂದಿನ ದಿನ, ಆ ಬೆಳಿಗ್ಗೆ

ಪಾಪನಿವೇದನೆಯನ್ನು ಕೊನೆಯ ವಾರದ ಆರಂಭದಲ್ಲೇ ಮಾಡಿ ಮುಗಿಸಿ. ಮದುವೆಯ ಮುನ್ನಾದಿನದ ರೋಸ್ ಶಾಸ್ತ್ರದ ಮನೆಯಲ್ಲಿ ಸಂಜೆಯಾಗುತ್ತಿದ್ದಂತೆ ನೆಂಟರು ತುಂಬಿಕೊಳ್ಳುತ್ತಾರೆ. ತೆಂಗಿನ ಹಾಲು, ಎಣ್ಣೆ ಹಚ್ಚಿ ಹಾಡಿ ಸ್ನಾನ ಮಾಡಿಸುವಷ್ಟರಲ್ಲಿ ಹೊತ್ತಾಗಿರುತ್ತದೆ. ರಾತ್ರಿ ಒಂಬತ್ತಕ್ಕೆ ಮುಗಿಸುವಂತೆ ಮನೆಯ ಹಿರಿಯ ಹೆಂಗಸರೊಬ್ಬರಿಗೆ ಜವಾಬ್ದಾರಿ ಕೊಡಿ. ನಿದ್ದೆಗೆಟ್ಟ, ದನಿ ಕಟ್ಟಿದ ವಧು ಬೆಳಿಗ್ಗೆ ಸಮ್ಮತಿಯ ಮಾತು ಹೇಳಲು ಕಷ್ಟಪಡುತ್ತಾಳೆ.

ಬೆಳಿಗ್ಗೆ ಮಂಜು ಇದ್ದರೆ ಗಾಡಿ ನಿಧಾನ. ತೋಟದೊಳಗಿನ ಮನೆಯಾದರೆ ಅಲಂಕರಿಸಿದ ಕಾರು ಏರು ಹತ್ತುತ್ತದೆಯೇ ಎಂದು ಮುಂಚಿತವಾಗಿ ಓಡಿಸಿ ನೋಡಿ. ಮಳೆ ಬಿದ್ದ ಮಣ್ಣಿನ ರಸ್ತೆಯಲ್ಲಿ ಜೀಪೇ ಗತಿ. ಮಡಿಕೇರಿ ಪೇಟೆಯಲ್ಲಿ ವಾರಾಂತ್ಯದ ದಟ್ಟಣೆಗೆ ಅರ್ಧ ಗಂಟೆ ಕೂಡಿಸಿ. ಉಂಗುರ, ತಾಳಿ, ಪಾಲಿಷ್ ಮಾಡಿದ ತಟ್ಟೆ ಇವು ಒಬ್ಬರ ಕೈಯಲ್ಲೇ ಇರಲಿ, ಅವರು ಮೊದಲ ಗಾಡಿಯಲ್ಲಿ ಬರಲಿ.

ವಧು ತಡವಾಗಿ ಬರುವುದೇ ಚೆಂದ ಎಂಬ ರೂಢಿ ಬಿಡಿ. ಫಾದರ್‌ಗೆ ಆ ದಿನ ಇನ್ನೊಂದು ಬಲಿಪೂಜೆ ಇರಬಹುದು. ತಡವಾದಷ್ಟೂ ಮೊಟಕಾಗುವುದು ಪ್ರಬೋಧನೆ ಮತ್ತು ಹಾಡು.

ಹಂತ 11: ಸಹಿ ಮತ್ತು ಅದರ ನಂತರ

ದಾಖಲೆ ಪುಸ್ತಕಕ್ಕೆ ಸಹಿ ಹಾಕುವುದು ಪಕ್ಕದ ಮೇಜಿನಲ್ಲಿ ಅಥವಾ ಒಳಕೋಣೆಯಲ್ಲಿ. ಬಲಿಪೀಠದ ಮೇಲೆ ಮಾತ್ರ ಪುಸ್ತಕ ಇಟ್ಟು ಸಹಿ ಹಾಕುವಂತಿಲ್ಲ. ಫೋಟೋದವರು ಕೇಳಿದರೂ ಬೇಡ. ಸಾಕ್ಷಿಗಳು ಸಮ್ಮತಿಯ ಹೊತ್ತಿಗೆ ಒಳಗಿದ್ದು ಕೇಳಿದವರೇ ಆಗಿರಬೇಕು, ಆಗ ಮಂಟಪದಲ್ಲಿ ಅಡುಗೆ ನೋಡುತ್ತಿದ್ದವರಲ್ಲ. ಸಹಿಗೆ ಮೊದಲು ಹೆಸರು, ದಿನಾಂಕ, ತಂದೆ ತಾಯಿಯ ಹೆಸರುಗಳನ್ನು ಓದಿ ನೋಡಿ.

ಮದುವೆಯಾದ ತಿಂಗಳೊಳಗೆ ಎರಡು ಕೆಲಸ. ಮದುವೆಯ ಪ್ರಮಾಣಪತ್ರದ ಎರಡು ಮೂಲ ಪ್ರತಿಗಳನ್ನು ಚರ್ಚಿನಿಂದ ಪಡೆಯಿರಿ. ಪಾಸ್‌ಪೋರ್ಟ್, ವೀಸಾ ಬೇಕಾದವರು ಉಪನೋಂದಣಾಧಿಕಾರಿ ಕಚೇರಿಯಲ್ಲೂ ನೋಂದಾಯಿಸಬೇಕೇ ಎಂದು ವಿಚಾರಿಸಿ. ಇಬ್ಬರಿಗೂ ಜ್ಞಾನಸ್ನಾನವಾದ ಚರ್ಚುಗಳಿಗೆ ಮದುವೆಯ ಸೂಚನೆ ಹೋಗಿದೆಯೇ, ಅಲ್ಲಿನ ಪುಸ್ತಕದಲ್ಲಿ ಅದು ಬರೆದಾಗಿದೆಯೇ ಎಂದು ಫೋನ್ ಮಾಡಿ ಕೇಳಿ. ದೂರದ ಊರಾದರೆ ಇದು ಬಿಟ್ಟುಹೋಗುವುದು ಸಾಮಾನ್ಯ. ಬಿಟ್ಟುಹೋಗಿದ್ದರೆ ಮದುವೆಯ ಪತ್ರದ ಒಂದು ನಕಲನ್ನು ನಿಮ್ಮ ವಿಚಾರಣಾ ಗುರುವಿನ ಮೂಲಕವೇ ಅಂಚೆಯಲ್ಲಿ ಕಳುಹಿಸಿ.